ಯಾರ ಕಣ್ಣಿಗೆ ಚೆಂದ ಈ ನಗು?

ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಲ್ಲುನೋವಿನ ಪ್ರಶ್ನೆಗಳಿಗಿಂತ ನಗುವಿನ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಪತ್ರಗಳ ಹಿಂದೆ ಒಂದೇ ತಕರಾರು ಇದೆ: ಒಂದೇ ಬಾಯಿಯ ನಗುವನ್ನು ಮನೆಯ ಹಿರಿಯರು ಒಂದು ಬಗೆಯಾಗಿಯೂ ಹರೆಯದವರು ಇನ್ನೊಂದು ಬಗೆಯಾಗಿಯೂ ಅಳೆಯುತ್ತಾರೆ, ಕೊನೆಗೆ ತೀರ್ಪು ಕೊಡಿ ಎಂದು ವೈದ್ಯರ ಕಡೆ ತಿರುಗುತ್ತಾರೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಗ್ರಹಿಸಿ ಕೊಟ್ಟಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಈಗ 21 ವರ್ಷ. ನಕ್ಕರೆ ಮೇಲಿನ ವಸಡು ಕಾಣುತ್ತದೆಂದು ಫೋಟೊ ತೆಗೆಯುವಾಗಲೆಲ್ಲ ತುಟಿ ಬಿಗಿಹಿಡಿಯುತ್ತಾಳೆ. ಆಪರೇಷನ್ ಮಾಡಿಸಿ ಎಂದು ಹಟ ಹಿಡಿದಿದ್ದಾಳೆ. ನನ್ನ ಕಣ್ಣಿಗೆ ವಸಡು ಅಷ್ಟಾಗಿ ಬೀಳುವುದಿಲ್ಲ, ಮುಂದಿನ ಒಂದು ಹಲ್ಲು ತುಸು ಓರೆಯಾಗಿರುವುದೇ ಕಾಣುತ್ತದೆ. ನಮ್ಮ ಅತ್ತೆಯವರಿಗಂತೂ ಎರಡೂ ಕಾಣುವುದಿಲ್ಲ. "ಮಾರಿ ತುಂಬ ನಗತಾಳ ಹುಡುಗಿ, ಇನ್ನೇನ ಬೇಕು ನಿಮಗ" ಎನ್ನುತ್ತಾರೆ. ಮೂವರಲ್ಲಿ ಯಾರದು ಸರಿ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ನಿಮ್ಮ ಮಗಳು ವಸಡನ್ನು ನೋಡುತ್ತಿದ್ದಾಳೆ, ನೀವು ಹಲ್ಲನ್ನು ನೋಡುತ್ತಿದ್ದೀರಿ, ನಿಮ್ಮ ಅತ್ತೆಯವರು ಮೊಮ್ಮಗಳನ್ನು ನೋಡುತ್ತಿದ್ದಾರೆ. ಮೂವರಿಗೂ ಕಂಡದ್ದು ನಿಜವೇ. ಆದರೆ ಚಿಕಿತ್ಸೆಯ ನಿರ್ಧಾರಕ್ಕೆ ಮೂರಕ್ಕೂ ಒಂದೇ ತೂಕವಿಲ್ಲ.

ನಗುವಿನ ಚೆಲುವನ್ನು ಜನ ಹೇಗೆ ಅಳೆಯುತ್ತಾರೆಂಬುದನ್ನು ತಿಳಿಯಲು ದಂತವೈದ್ಯಕೀಯದಲ್ಲಿ ರೂಢಿಯಾದ ಒಂದು ವಿಧಾನವಿದೆ. ನಗುವ ಬಾಯಿಯ ಒಂದೇ ಫೋಟೊವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಒಂದರಲ್ಲಿ ವಸಡು ಒಂದು ಮಿಲಿಮೀಟರ್ ಹೆಚ್ಚು ಕಾಣುವಂತೆ, ಮತ್ತೊಂದರಲ್ಲಿ ಎರಡು ಮಿಲಿಮೀಟರ್ ಹೆಚ್ಚು ಕಾಣುವಂತೆ, ಇನ್ನೊಂದರಲ್ಲಿ ಹಲ್ಲಿನ ಸಾಲಿನ ನಡುಗೆರೆ ಮುಖದ ನಡುಗೆರೆಯಿಂದ ಸರಿದಿರುವಂತೆ ಮಾಡಿ, ಎಲ್ಲಿ ತಿದ್ದಿದ್ದೇವೆಂದು ಹೇಳದೆ ಜನರಿಗೆ ತೋರಿಸುತ್ತಾರೆ. ನೋಡಿದವರು 100 ಮಿಲಿಮೀಟರ್ ಉದ್ದದ ಗೆರೆಯೊಂದರ ಮೇಲೆ, ಒಂದು ತುದಿ ಚೆಂದವಿಲ್ಲ, ಇನ್ನೊಂದು ತುದಿ ತುಂಬ ಚೆಂದ ಎಂದು ಲೆಕ್ಕ ಹಿಡಿದು, ತಮಗೆ ತೋಚಿದ ಕಡೆ ಗುರುತು ಹಾಕುತ್ತಾರೆ. ಅಮೆರಿಕದಲ್ಲಿ ಕೋಕಿಚ್ ಮತ್ತು ಸಂಗಡಿಗರು ಈ ಬಗೆಯಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮವರು ಇಂದಿಗೂ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಹಲ್ಲಿಗೆ ತಂತಿ ಹಾಕಿ ಸಾಲು ಸರಿಪಡಿಸುವ ತಜ್ಞರು, ಅಂದರೆ ಆರ್ಥೊಡಾಂಟಿಸ್ಟರು, ವಸಡು 2 ಮಿಲಿಮೀಟರ್ ಕಂಡೊಡನೆ ಅಂಕ ಇಳಿಸಿದರು. ಸಾಮಾನ್ಯ ದಂತವೈದ್ಯರು ಮತ್ತು ಜನಸಾಮಾನ್ಯರು 4 ಮಿಲಿಮೀಟರ್ ಆಗುವವರೆಗೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಡುಗೆರೆ 4 ಮಿಲಿಮೀಟರ್ ಸರಿದದ್ದು ಆರ್ಥೊಡಾಂಟಿಸ್ಟರಿಗೆ ಕಂಡಿತು, ಉಳಿದವರಿಗೆ ಆಗಲೂ ಕಾಣಲಿಲ್ಲ. ಆದರೆ ಮುಂದಿನ ಹಲ್ಲು 2 ಮಿಲಿಮೀಟರಿನಷ್ಟು ಓರೆಯಾದದ್ದನ್ನು ಮಾತ್ರ ಮೂರೂ ಗುಂಪಿನವರು ಗುರುತಿಸಿದರು.

ಇದನ್ನು ನಿಮ್ಮ ಮನೆಗೆ ತಂದು ನೋಡಿರಿ. ಓರೆ ಹಲ್ಲು ನಿಮಗೆ ಕಂಡಂತೆ ದಾರಿಯಲ್ಲಿ ಹೋಗುವವರಿಗೂ ಕಂಡೀತು. ವಸಡಿನ ಮಾತಿನಲ್ಲಿ ಮಾತ್ರ ನಿಮ್ಮ ಮಗಳು ತನ್ನ ಬಾಯಿಗೆ ತಾನೇ ಆರ್ಥೊಡಾಂಟಿಸ್ಟ್ ಆಗಿಬಿಟ್ಟಿದ್ದಾಳೆ. ದಿನವೂ ಮೊಬೈಲ್ ಹಿಡಿದು, ಬೆರಳಿನಿಂದ ಹಿಗ್ಗಿಸಿ, ನಿಂತ ಚಿತ್ರದಲ್ಲಿ ತನ್ನ ಬಾಯಿಯನ್ನು ನೋಡುವವರಿಗೆ ತಜ್ಞರ ಕಣ್ಣು ಬಂದುಬಿಡುತ್ತದೆ, ತಜ್ಞರ ವಿವೇಚನೆ ಮಾತ್ರ ಜೊತೆಗೆ ಬರುವುದಿಲ್ಲ. ಇದಕ್ಕೆ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ನಮ್ಮ ಮುಖ ನಮಗೆ ರೂಢಿಯಾಗಿರುವುದು ಕನ್ನಡಿಯಲ್ಲಿ, ಎಡಬಲ ತಿರುವಾಗಿ. 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿನಿಯರು ತಮ್ಮ ಕನ್ನಡಿಯ ಪಡಿಯಚ್ಚನ್ನೇ ಹೆಚ್ಚು ಮೆಚ್ಚಿದರು, ಅವರ ಗೆಳತಿಯರು ನೇರ ಫೋಟೊವನ್ನು ಮೆಚ್ಚಿದರು. ಸಾಲು ತುಸು ಓರೆಯಿದ್ದವರಿಗೆ ಬೇರೆಯವರು ತೆಗೆದ ಫೋಟೊ ತಮ್ಮದಲ್ಲವೆಂಬಂತೆ ಕಾಣುವುದು ಇದರಿಂದಲೇ.

ಇನ್ನು ವಯಸ್ಸಿನ ಮಾತು. ನಾನು ಬಾಯಿ ಪರೀಕ್ಷಿಸುವಾಗ ಮೊದಲು ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, "ಅಮ್ಮ" ಎಂದು ಹೇಳಿ ಹಾಗೇ ಬಿಟ್ಟುಬಿಡಿ ಎನ್ನುತ್ತೇನೆ. ಮಾತು ಮುಗಿದ ಮೇಲೆ ತುಟಿಗಳು ತಾವಾಗಿ ಸಡಿಲಗೊಂಡು ತುಸು ತೆರೆದು ನಿಲ್ಲುತ್ತವೆ; ಆಗ ಮೇಲ್ದುಟಿಯ ಅಂಚಿನ ಕೆಳಗೆ ಬಾಚಿಹಲ್ಲು ಎಷ್ಟು ಇಣುಕುತ್ತದೆಂದು ಸಣ್ಣ ಉಕ್ಕಿನ ಸ್ಕೇಲಿನಿಂದ ಅಳೆಯುತ್ತೇನೆ. ಈ ಅಳತೆಯನ್ನು 1978ರಲ್ಲಿ ವಿಗ್ ಮತ್ತು ಬ್ರುಂಡೊ ಎಂಬ ಸಂಶೋಧಕರು ವಯಸ್ಸಿನ ಪ್ರಕಾರ ಪಟ್ಟಿ ಮಾಡಿದ್ದಾರೆ. ಮೂವತ್ತರೊಳಗಿನವರಲ್ಲಿ ಸರಾಸರಿ ಸುಮಾರು 3.4 ಮಿಲಿಮೀಟರ್ ಕಾಣುವ ಮೇಲಿನ ಹಲ್ಲು, ನಲವತ್ತರ ಆಚೆ ಒಂದು ಮಿಲಿಮೀಟರಿಗೆ ಇಳಿಯುತ್ತದೆ, ಅರವತ್ತು ದಾಟಿದವರಲ್ಲಿ ಕಾಣುವುದೇ ಇಲ್ಲ. ಬದಲಿಗೆ ಕೆಳಗಿನ ಹಲ್ಲು ಅರ್ಧ ಮಿಲಿಮೀಟರಿನಿಂದ ಹೆಚ್ಚುತ್ತ ಹೋಗಿ ಸುಮಾರು ಮೂರು ಮಿಲಿಮೀಟರ್ ಕಾಣತೊಡಗುತ್ತದೆ. ವಯಸ್ಸಾದಂತೆ ಮೇಲ್ದುಟಿ ಜೋಲುತ್ತದೆ, ಉದ್ದವಾಗುತ್ತದೆ, ಹಲ್ಲಿನ ತುದಿಯೂ ಸವೆಯುತ್ತದೆ, ಕಾರಣ ಇಷ್ಟೇ. ಆದ್ದರಿಂದ ಒಂದು ಮನೆಯ ಮೂರು ತಲೆಮಾರಿನವರು ಒಂದೇ ಪಡಸಾಲೆಯಲ್ಲಿ ಕೂತು ನಕ್ಕರೂ, ಅವರು ತೋರಿಸುವುದು ಮೂರು ಬೇರೆ ನಗುಗಳನ್ನು. ಪ್ರತಿಯೊಬ್ಬರೂ ತಮ್ಮ ಓರಗೆಯವರಲ್ಲಿ ದಿನವೂ ಕಾಣುವ ಬಾಯಿಯನ್ನೇ ಸಹಜವೆಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೋಲಿಸುತ್ತಾರೆ ಎಂಬುದು ಇಷ್ಟು ವರ್ಷ ರೋಗಿಗಳನ್ನೂ ಅವರ ಜೊತೆ ಬಂದವರನ್ನೂ ಕೇಳಿಸಿಕೊಂಡ ನನ್ನ ಅಭಿಪ್ರಾಯ. ಜನ ತಮ್ಮ ವಯಸ್ಸಿನವರ ಮುಖಗಳನ್ನು ಬೇರೆ ವಯಸ್ಸಿನವರ ಮುಖಗಳಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆಂಬುದು ಮನೋವಿಜ್ಞಾನದಲ್ಲಿ ಹಲವು ಸಲ ಸಾಬೀತಾದ ಸಂಗತಿ. ನಗುವಿನಲ್ಲೂ ಹಾಗೇ ಆಗುತ್ತಿದ್ದರೆ ಆಶ್ಚರ್ಯವಿಲ್ಲ.

ಈಗ ಚಿಕಿತ್ಸೆಗೆ ಬರೋಣ. ನಕ್ಕಾಗ ವಸಡಿನ ಪಟ್ಟಿಯೇ ಪೂರ್ತಿ ಕಾಣುವ ಎತ್ತರದ ನಗು ಅಪರೂಪವೇನಲ್ಲ. 1984ರಲ್ಲಿ ಪ್ರಕಟವಾದ, 454 ಮಂದಿ ತರುಣ ತರುಣಿಯರ ನಗುವನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಬ್ಬರಿಗೆ ಅದು ಇತ್ತು, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಮಗಳನ್ನು ಕರೆತಂದಾಗ ನೋಡಬೇಕಾದದ್ದು ಅದು ಯಾವ ಕಾರಣದಿಂದ ಕಾಣುತ್ತಿದೆ ಎಂಬುದನ್ನು. ಹಲ್ಲಿನ ಮೇಲ್ಭಾಗವನ್ನು ವಸಡೇ ಮುಚ್ಚಿಕೊಂಡು ಹಲ್ಲು ಗಿಡ್ಡವಾಗಿ ಕಾಣುತ್ತಿದ್ದರೆ, ಹೆಚ್ಚಿನ ವಸಡನ್ನು ಕತ್ತರಿಸಿ ಅಂಚು ತಿದ್ದುವುದು ಸಣ್ಣ ಕೆಲಸ. ತುಟಿಯನ್ನು ಮೇಲಕ್ಕೆಳೆಯುವ ಸ್ನಾಯು ಜೋರಾಗಿದ್ದರೆ ಬೊಟಾಕ್ಸ್ ಚುಚ್ಚುಮದ್ದಿನಿಂದ ಕೆಲವು ತಿಂಗಳ ಮಟ್ಟಿಗೆ ತಗ್ಗಿಸಬಹುದು, ಆಮೇಲೆ ಮತ್ತೆ ಮೊದಲಿನಂತೆಯೇ. ಮೇಲ್ದವಡೆಯ ಮೂಳೆಯೇ ಕೆಳಕ್ಕೆ ಉದ್ದ ಬೆಳೆದಿದ್ದರೆ ಮಾತ್ರ ದವಡೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದು ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ದೊಡ್ಡ ಆಪರೇಷನ್, ಎರಡು ಮೂರು ಮಿಲಿಮೀಟರಿಗಾಗಿ ಅದಕ್ಕೆ ಒಡ್ಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತಂತಿ ಹಾಕಿ ಮುಂದಿನ ಹಲ್ಲುಗಳನ್ನು ಮೇಲಕ್ಕೆ ಒತ್ತುವ ಉಪಾಯವೂ ಇದೆ. ಆದರೆ ಮೇಲೆ ಕೊಟ್ಟ ಲೆಕ್ಕವನ್ನು ನೆನಪಿಡಿ: 21ರಲ್ಲಿ ವಸಡು ಮರೆಮಾಡಲೆಂದು ಹಲ್ಲನ್ನು ಅತಿಯಾಗಿ ಮೇಲೆ ಕಳಿಸಿದರೆ, ತುಟಿ ತಾನಾಗಿ ಇಳಿಯುವ 45ರ ಹೊತ್ತಿಗೆ ಹಲ್ಲೇ ಕಾಣದ ಬಾಯಿ ಉಳಿಯುತ್ತದೆ. ಓರೆ ಹಲ್ಲನ್ನು ಸರಿಪಡಿಸಿಕೊಳ್ಳಲಿ, ಅದು ಸರಳವಾದ ಕೆಲಸ. ವಸಡಿನ ಮಾತನ್ನು ಆ ಚಿಕಿತ್ಸೆ ಮುಗಿದ ಮೇಲೆ ಎತ್ತಿಕೊಳ್ಳಲಿ; ಹಲವರು ಆಗ ಅದನ್ನು ಎತ್ತುವುದೇ ಇಲ್ಲ.

ಪ್ರಶ್ನೆ: ನನಗೆ 69 ವರ್ಷ. ಮೇಲೂ ಕೆಳಗೂ ಪೂರ್ತಿ ಹಲ್ಲಿನ ಸೆಟ್ ಮಾಡಿಸುತ್ತಿದ್ದೇನೆ. ಬಣ್ಣ ಆರಿಸುವಾಗ ಎಲ್ಲಕ್ಕಿಂತ ಬಿಳಿಯದನ್ನೇ ತೆಗೆದುಕೊಳ್ಳಿ ಎಂದು ಮೊಮ್ಮಕ್ಕಳು ಹೇಳುತ್ತಾರೆ. ನಮ್ಮ ಮನೆಯವರು "ಈ ವಯಸ್ಸಿಗೆ ಅಷ್ಟ ಬೆಳ್ಳನ ಹಲ್ಲು ಒಪ್ಪಂಗಿಲ್ಲ" ಎನ್ನುತ್ತಾರೆ. (ಬೆಟಗೇರಿ, ಗದಗ)

ಉತ್ತರ: ನಿಮ್ಮ ಮನೆಯವರ ಮಾತಿಗೆ ಶಾಸ್ತ್ರದ ಬೆಂಬಲವಿದೆ. ಹಲ್ಲಿನ ಹೊರಗಿನ ಎನಾಮಲ್ ಪದರ ವರ್ಷಗಳು ಕಳೆದಂತೆ ತೆಳುವಾಗುತ್ತದೆ, ಒಳಗಿನ ಹಳದಿ ಛಾಯೆಯ ಡೆಂಟಿನ್ ಪದರ ದಪ್ಪವಾಗುತ್ತದೆ; ಆದ್ದರಿಂದ ಎಪ್ಪತ್ತರ ಹತ್ತಿರದ ಆರೋಗ್ಯವಂತ ಹಲ್ಲು ತಿಳಿಹಳದಿಯಾಗಿರುವುದೇ ಸಹಜ. ಕಟ್ಟಿಸಿಕೊಳ್ಳುವ ಹಲ್ಲುಗಳ ಆಕಾರ, ಬಣ್ಣ, ಜೋಡಣೆ ಎಲ್ಲವೂ ಆ ವ್ಯಕ್ತಿಯ ವಯಸ್ಸಿಗೂ ಸ್ವಭಾವಕ್ಕೂ ಒಪ್ಪುವಂತಿರಬೇಕು ಎಂದು ಅಮೆರಿಕದ ಫ್ರಶ್ ಮತ್ತು ಫಿಶರ್ ಎಂಬ ದಂತವೈದ್ಯರು 1950ರ ದಶಕದಲ್ಲಿಯೇ ಲೇಖನಮಾಲೆ ಬರೆದು ವಾದಿಸಿದ್ದರು. ಹರೆಯದವರ ಬಾಚಿಹಲ್ಲಿನ ಮೂಲೆಗಳು ದುಂಡಗಿರುತ್ತವೆ, ಪಕ್ಕದ ಹಲ್ಲು ತುಸು ಗಿಡ್ಡವಿರುತ್ತದೆ. ಮುಪ್ಪಿನಲ್ಲಿ ತುದಿಗಳು ಸವೆದು ಒಂದೇ ಮಟ್ಟಕ್ಕೆ ಬರುತ್ತವೆ. ಈ ಸವೆತವನ್ನು ಕೃತಕ ಹಲ್ಲಿನಲ್ಲೂ ತುಸು ಉಜ್ಜಿ ತರಬಹುದು. ಹಾಗೆ ಮಾಡಿದ ಸೆಟ್ಟನ್ನು ನೋಡಿದವರಿಗೆ ಅದು ಸೆಟ್ ಎಂದು ಗೊತ್ತಾಗುವುದಿಲ್ಲ.

ಹಾಗೆಂದು ಮೊಮ್ಮಕ್ಕಳ ಮಾತನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅವರು ಬಯಸುವುದು ನೀವು ಲವಲವಿಕೆಯಿಂದ ಕಾಣಲೆಂದು. ಆ ಲವಲವಿಕೆ ಬರುವುದು ಬಣ್ಣಕ್ಕಿಂತ ಹೆಚ್ಚಾಗಿ ತುಟಿಗೆ ಸಿಗುವ ಆಸರೆಯಿಂದ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಕರಗಿ ತುಟಿ ಒಳಕ್ಕೆ ಸರಿದಿರುತ್ತದೆ. ಸೆಟ್ಟಿನ ಮುಂಭಾಗ ಸರಿಯಾದ ದಪ್ಪದಲ್ಲಿದ್ದು, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವಿನ ಎತ್ತರ ಸರಿಯಾಗಿದ್ದರೆ ಬಾಯಿಯ ಮೂಲೆಯ ಸುಕ್ಕು ಎಷ್ಟೋ ಕಡಿಮೆಯಾಗುತ್ತದೆ.

ಬಣ್ಣ ಆರಿಸಲು ನಿಮ್ಮ ವೈದ್ಯರು ಹಲ್ಲಿನಾಕಾರದ ಮಾದರಿಗಳ ಸಾಲನ್ನು ತೋರಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ವೀಟಾ ಕ್ಲಾಸಿಕಲ್ ಮಾದರಿಯಲ್ಲಿ 16 ಛಾಯೆಗಳಿವೆ. ಟ್ಯೂಬ್‌ಲೈಟಿನ ಕೆಳಗೆ ಆರಿಸಬೇಡಿ. ಸೀರೆಯ ಬಣ್ಣ ನೋಡಲು ಅಂಗಡಿಯ ಬಾಗಿಲಿಗೆ ಬರುವ ಹಾಗೆ, ಹಲ್ಲಿನ ಮಾದರಿಯನ್ನೂ ಹಗಲು ಬೆಳಕಿಗೆ ತಂದು, ಬಾಯಿಯ ಪಕ್ಕಕ್ಕೆ ಹಿಡಿದು, ನಿಮ್ಮ ಮೈಬಣ್ಣ ಮತ್ತು ಕಣ್ಣಿನ ಬಿಳುಪಿನ ಜೊತೆಗಿಟ್ಟು ನೋಡಬೇಕು. ಸೀರೆ ನೇಯುವ ಬೆಟಗೇರಿಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಬಾಯಿಗೆ ಇಟ್ಟು ನೋಡುವ ಒಂದು ಹಂತವಿರುತ್ತದೆ. ಅಂದು ಮನೆಯವರನ್ನೂ ಒಬ್ಬ ಮೊಮ್ಮಗನನ್ನೂ ಕರೆದುಕೊಂಡು ಹೋಗಿ, ಏನು ಬದಲಿಸಬೇಕಿದ್ದರೂ ಆಗಲೇ ಹೇಳಿ. ಸೆಟ್ ಗಟ್ಟಿಯಾದ ಮೇಲೆ ಬಣ್ಣ ಬದಲಿಸಬೇಕೆಂದರೆ ಬಹುಮಟ್ಟಿಗೆ ಹೊಸದನ್ನೇ ಮಾಡಬೇಕಾಗುತ್ತದೆ.

ಪ್ರಶ್ನೆ: ನಾನು ಮುಂಡರಗಿ ತಾಲೂಕಿನ ಹಳ್ಳಿಯವನು, ಈಗ ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿವೆ. ಊರಲ್ಲಿ ಅಜ್ಜ, ಅಜ್ಜಿ, ಓಣಿಯ ಹಿರಿಯರು ಯಾರೂ ಅದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ. ಇಲ್ಲಿ ರೂಮಿನವರು ಹಲ್ಲು ತಿಕ್ಕುವುದಿಲ್ಲವೇ ಎಂದು ಕೇಳುತ್ತಾರೆ. ಹಿರಿಯರ ಕಣ್ಣಿಗೆ ಬೀಳದ್ದು ಇವರ ಕಣ್ಣಿಗೆ ಯಾಕೆ ಬೀಳುತ್ತದೆ? (ಧಾರವಾಡ)

ಉತ್ತರ: ಹಿರಿಯರ ಕಣ್ಣಿಗೂ ಬಿದ್ದಿರುತ್ತದೆ, ಆದರೆ ಅವರ ಲೆಕ್ಕದಲ್ಲಿ ಅದು ಊರ ನೀರಿನ ಗುರುತು, ಓಣಿಯ ಅರ್ಧ ಜನಕ್ಕೆ ಇರುವ ಬಣ್ಣವನ್ನು ಯಾರೂ ಒಬ್ಬನ ಕುಂದೆಂದು ಎಣಿಸುವುದಿಲ್ಲ. ನಿಮ್ಮ ರೂಮಿನವರು ಮಲಪ್ರಭೆಯದೋ ಕೆರೆಯದೋ ನೀರು ಕುಡಿದು ಬೆಳೆದವರಿರಬೇಕು. ಅವರಿಗೆ ಕಂದು ಬಣ್ಣವೆಂದರೆ ಕೊಳೆ. ಇಲ್ಲಿ ವಯಸ್ಸಿನಷ್ಟೇ ಊರೂ ತೀರ್ಪು ಕೊಡುತ್ತಿದೆ. ಆದರೂ ವಯಸ್ಸಿನ ಪಾತ್ರ ಇಲ್ಲದಿಲ್ಲ: ನಿಮ್ಮ ವಯಸ್ಸಿನಲ್ಲಿ ಸಂದರ್ಶನ, ನೌಕರಿ, ಮದುವೆ ಎಲ್ಲವೂ ಮುಂದಿವೆ, ಅಪರಿಚಿತರ ಮೊದಲ ನೋಟಕ್ಕೆ ಬೆಲೆಯಿದೆ. ನಿಮ್ಮ ಅಜ್ಜನನ್ನು ಮೊದಲ ಸಲ ನೋಡುವವರು ಈಗ ಊರಲ್ಲಿ ಯಾರೂ ಉಳಿದಿಲ್ಲ.

ನಿಮ್ಮ ವರ್ಣನೆಯಿಂದ ಇದು ದಂತ ಫ್ಲೋರೋಸಿಸ್ ಇರಬಹುದು, ನೋಡಿಯೇ ಖಚಿತ ಹೇಳಬೇಕು. ಗದಗ ಜಿಲ್ಲೆಯ ಹಲವು ಭಾಗಗಳಲ್ಲಿ, ಮುಂಡರಗಿ ತಾಲೂಕಿನಲ್ಲಂತೂ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ನಡೆದೀತು ಎಂಬುದು ಭಾರತೀಯ ಮಾನಕ. ಮುಂದಿನ ಶಾಶ್ವತ ಹಲ್ಲುಗಳ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿದ ಕೆಲವು ತಿಂಗಳಿಂದ ನಾಲ್ಕೈದು ವರ್ಷದವರೆಗೆ. ಆ ಅವಧಿಯಲ್ಲಿ ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಸರಂಧ್ರವಾಗಿ ಹುಟ್ಟುತ್ತದೆ, ಬಾಯಿಗೆ ಬಂದ ಮೇಲೆ ಆ ರಂಧ್ರಗಳು ಬಣ್ಣ ಹೀರಿ ಕಂದಾಗುತ್ತವೆ. ತಿಕ್ಕದೆ ಬಂದದ್ದಲ್ಲ, ತಿಕ್ಕಿದರೆ ಹೋಗುವುದೂ ಅಲ್ಲ. ಜೋರಾಗಿ ತಿಕ್ಕಿ ಇರುವ ಎನಾಮಲ್ಲನ್ನೂ ಸವೆಸಿಕೊಳ್ಳಬೇಡಿ.

ಪಟ್ಟಿ ಮೇಲ್ಪದರದಲ್ಲಿದ್ದರೆ ಆಮ್ಲ ಮತ್ತು ಸಣ್ಣ ಪುಡಿಯ ಲೇಪದಿಂದ ಕೂದಲೆಳೆಯಷ್ಟು ಪದರವನ್ನು ಉಜ್ಜಿ ತೆಗೆಯಬಹುದು. ಅದರ ಮೇಲೆ ಬ್ಲೀಚಿಂಗ್, ಅಂದರೆ ಔಷಧಿ ಹಚ್ಚಿ ಹಲ್ಲು ಬಿಳಿ ಮಾಡುವುದನ್ನು, ಮಾಡಿದರೆ ಬಣ್ಣ ಇನ್ನಷ್ಟು ಸಮನಾಗುತ್ತದೆ. ಆಳವಾಗಿದ್ದರೆ, ಗುಳಿ ಬಿದ್ದಿದ್ದರೆ, ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಅಂಟುವ ಸಾಮಗ್ರಿಯನ್ನು ತುಂಬಬಹುದು. ಆರೋಗ್ಯವಾದ ಹಲ್ಲನ್ನು ಸುತ್ತ ಕೊರೆದು ಕ್ಯಾಪ್ ಹಾಕಿಸಿಕೊಳ್ಳುವುದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಸಾತ್ತೂರಿನ ದಂತವೈದ್ಯಕೀಯ ಕಾಲೇಜು ನಿಮಗೆ ಹತ್ತಿರವಿದೆ. ಅಲ್ಲಿ ಇಂಥ ಹಲ್ಲುಗಳನ್ನು ನೋಡುವುದು ವಾಡಿಕೆಯ ಕೆಲಸ. ಊರಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಈಗಲೇ ಅವರ ಕುಡಿಯುವ ನೀರಿನ ಪರೀಕ್ಷೆ ಮಾಡಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧೀಕರಣ ಘಟಕದ ಆರ್‌ಒ ನೀರು ಅಥವಾ ಮಳೆನೀರು ಸುರಕ್ಷಿತ.

ಪ್ರಶ್ನೆ: 9 ವರ್ಷದ ಮಗನಿಗೆ ಮೇಲಿನ ಎರಡು ದೊಡ್ಡ ಹಲ್ಲುಗಳ ನಡುವೆ ಸಂದಿ ಇದೆ, ಹಲ್ಲುಗಳು ಬೀಸಣಿಗೆ ಬಿಚ್ಚಿದಂತೆ ಹೊರಬಾಗಿವೆ. ನಮ್ಮ ತಾಯಿಯವರು ಸಂದಿ ಹಲ್ಲು ಅದೃಷ್ಟವೆನ್ನುತ್ತಾರೆ, ಶಾಲೆಯಲ್ಲಿ ಹುಡುಗರು ಕಾಡಿಸುತ್ತಾರೆ. ತಂತಿ ಹಾಕಿಸಬೇಕೆ? (ರಾಣೇಬೆನ್ನೂರು)

ಉತ್ತರ: ಈಗಲೇ ಬೇಡ. ಏಳರಿಂದ ಹನ್ನೆರಡರ ನಡುವೆ ಬಹಳ ಮಕ್ಕಳ ಬಾಯಿ ಹೀಗೆಯೇ ಇರುತ್ತದೆ. ಇನ್ನೂ ದವಡೆಯೊಳಗಿರುವ ಕೋರೆಹಲ್ಲುಗಳು ಬಾಚಿಹಲ್ಲುಗಳ ಬೇರನ್ನು ಒತ್ತುವುದರಿಂದ ಹಲ್ಲಿನ ಕಾಣುವ ಭಾಗ ಹೊರಕ್ಕೆ ಬಾಗುತ್ತದೆ. 11 ಅಥವಾ 12ರ ಹೊತ್ತಿಗೆ ಕೋರೆಹಲ್ಲು ಹೊರಬಂದಾಗ 2 ಮಿಲಿಮೀಟರ್‌ವರೆಗಿನ ಸಂದಿ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಬ್ರಾಡ್‌ಬೆಂಟ್ ಎಂಬ ಅಮೆರಿಕದ ತಜ್ಞರು 1937ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಸಂದಿ ಅದಕ್ಕಿಂತ ಅಗಲವಾಗಿದ್ದರೆ, ಅಥವಾ ತುಟಿಯ ಒಳಗಿನ ನಡುದಾರ ಹಲ್ಲುಗಳ ಮಧ್ಯದವರೆಗೆ ಇಳಿದಿದ್ದರೆ ಒಂದು ಎಕ್ಸ್‌ರೇ ತೆಗೆಸಿ. ನಡುವೆ ಹೆಚ್ಚುವರಿ ಹಲ್ಲೊಂದು ಹುದುಗಿರುವುದೂ ಉಂಟು.

ಕಾಡಿಸುವ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಗುವಿನ ವಿಷಯದಲ್ಲಿ ಈ ವಯಸ್ಸಿನ ಮಕ್ಕಳಷ್ಟು ಕಟುವಾದ ತೀರ್ಪುಗಾರರನ್ನು ನಾನು ಬೇರೆ ಕಂಡಿಲ್ಲ. ಜೋರ್ಡಾನ್ ದೇಶದಲ್ಲಿ 11-12 ವರ್ಷದ ಶಾಲಾಮಕ್ಕಳನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಯ ಯಾವ ಭಾಗವನ್ನು ಹಿಡಿದು ಉಳಿದವರು ಕಾಡಿಸುತ್ತಾರೆ ಎಂಬ ಪ್ರಶ್ನೆಗೆ ಮೊದಲ ಸ್ಥಾನ ಪಡೆದದ್ದು ಹಲ್ಲು. ತರಗತಿಯ ಶಿಕ್ಷಕಿಯವರ ಕಿವಿಗೆ ಹಾಕಿ. ಅಜ್ಜಿಯ ಅದೃಷ್ಟದ ಮಾತನ್ನೂ ಹುಡುಗ ಕೇಳುತ್ತಿರಲಿ, ಅದರಿಂದ ಹಲ್ಲಿಗೆ ತೊಂದರೆಯಿಲ್ಲ.

ಪ್ರಶ್ನೆ: ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಒಬ್ಬರೂ ನಕ್ಕಿಲ್ಲ. ನಾನು ಹಲ್ಲು ಕಾಣುವಂತೆ ನಕ್ಕ ಫೋಟೊವನ್ನು ವರನ ಕಡೆಗೆ ಕಳಿಸಬಾರದೆಂದು ಅಜ್ಜಿ ಹೇಳುತ್ತಾರೆ. ಹಿಂದಿನವರಿಗೆ ನಗು ಚೆಂದವೆನಿಸುತ್ತಿರಲಿಲ್ಲವೇ? (ಸಪ್ತಾಪುರ, ಧಾರವಾಡ)

ಉತ್ತರ: ಚೆಂದವೆನಿಸುತ್ತಿತ್ತು, ಆದರೆ ಫೋಟೊದಲ್ಲಿ ಅಲ್ಲ. ಮೊದಮೊದಲ ಕ್ಯಾಮೆರಾಗಳ ಮುಂದೆ ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು, ಅಷ್ಟು ಹೊತ್ತು ನಗು ನಿಲ್ಲುವುದಿಲ್ಲ. ಕ್ಯಾಮೆರಾ ಚುರುಕಾದ ಮೇಲೂ ಗಂಭೀರ ಮುಖದ ರೂಢಿ ಉಳಿಯಿತು. ಸ್ಟುಡಿಯೊಗೆ ಹೋಗಿ ಕಾಸು ಕೊಟ್ಟು ತೆಗೆಸಿಕೊಳ್ಳುವ ಚಿತ್ರ ಗೋಡೆಯ ಮೇಲೆ ತಲೆಮಾರುಗಟ್ಟಲೆ ಇರುವಂಥದ್ದು. ಇದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಪ್ರೌಢಶಾಲೆಗಳ ವಾರ್ಷಿಕ ಸಂಚಿಕೆಗಳಿಂದ 1905ರಿಂದ 2013ರವರೆಗಿನ ಸಾವಿರಾರು ಭಾವಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟು ತುಟಿಯ ಬಾಗುವಿಕೆಯನ್ನು ಅಳೆದ ಸಂಶೋಧಕರಿಗೆ, ದಶಕದಿಂದ ದಶಕಕ್ಕೆ ನಗು ಅಗಲವಾಗುತ್ತ ಬಂದದ್ದು ಕಂಡಿತು. ಜಪಾನಿನಲ್ಲಿ ಶತಮಾನಗಳ ಕಾಲ ಮದುವೆಯಾದ ಹೆಂಗಸರು ಹಲ್ಲಿಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದರು, ಅದೇ ಸೊಬಗು ಎಂದು ಎಣಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ರೂಢಿ ಅಳಿಯಿತು. ನಿಮ್ಮ ಅಜ್ಜಿಯವರು ಬೆಳೆದ ಕಾಲದಲ್ಲಿ ಹೆಣ್ಣುಮಗಳು ಹಲ್ಲು ಬಿಟ್ಟು ನಗುವುದು ಅಂಕೆ ಮೀರಿದ್ದೆಂದು ಮನೆಮನೆಯಲ್ಲೂ ಹೇಳುತ್ತಿದ್ದರು. ಅವರು ಮೆಚ್ಚುವುದು ತುಟಿ ಮುಚ್ಚಿದ ಮುಗುಳ್ನಗೆಯನ್ನು, ಏಕೆಂದರೆ ಅವರಿಗೆ ಕಲಿಸಿದ್ದು ಅದನ್ನು.

ಹಿರಿಯರ ನೋಟದಲ್ಲಿ ಇನ್ನೊಂದು ವಿಶೇಷವಿದೆ. ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಬಾಯಿಯ ಮೂಲೆಯನ್ನು ಎಳೆಯುವ ಸ್ನಾಯುವನ್ನು ನಾವು ಬೇಕೆಂದಾಗ ಆಡಿಸಬಹುದು, ಆದರೆ ಕಣ್ಣಿನ ಸುತ್ತಲ ಸ್ನಾಯು ಮನಸ್ಸು ಹಿಗ್ಗಿದಾಗಲೇ ಸಾಮಾನ್ಯವಾಗಿ ಜೊತೆಗೂಡುತ್ತದೆ. ಈ ಎರಡು ಬಗೆಯ ನಗುವನ್ನು ಯಾರು ಚೆನ್ನಾಗಿ ಬೇರ್ಪಡಿಸುತ್ತಾರೆ ಎಂದು ಕೇಳಿದ ಎರಡು ಅಧ್ಯಯನಗಳು 2010ರಲ್ಲಿ ಬಂದವು. ಒಂದರಲ್ಲಿ ಹಿರಿಯರು ಯಾವ ನಗುವನ್ನು ತೋರಿಸಿದರೂ ಸಂತೋಷದ್ದೇ ಎಂದು ಹೇಳುವ ಕಡೆಗೆ ವಾಲಿದರು. ಚಲಿಸುವ ಚಿತ್ರಗಳನ್ನು ತೋರಿಸಿದ ಇನ್ನೊಂದರಲ್ಲಿ ಅವರು ಕಿರಿಯರಿಗಿಂತ ಹಿಂದೆ ಬೀಳಲಿಲ್ಲ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ, ಏಕೆಂದರೆ ಮನೆಗೆ ಬಂದವರ ನಗು ಅರಳುವುದನ್ನೂ ಇಳಿಯುವುದನ್ನೂ ಎದುರಿಗೆ ಕೂತು ನೋಡಿಯೇ ಅವರು ಸಂಬಂಧ ಕುದುರಿಸಿದವರು. ನಿಂತ ಫೋಟೊ ಅವರ ಅಳತೆಗೋಲೇ ಅಲ್ಲ. ನಕ್ಕ ಫೋಟೊವನ್ನು ನೀವು ವರನಿಗೆ ಕಳಿಸಿ, ಮುಗುಳ್ನಗೆಯದನ್ನು ಅವರ ಮನೆಯ ಹಿರಿಯರಿಗೆ ಕಳಿಸಿ. ನೋಡುವವರು ಬೇರೆಯೆಂದ ಮೇಲೆ ಎರಡು ಕಳಿಸುವುದರಲ್ಲಿ ಕಪಟವೇನಿಲ್ಲ.

ಪ್ರಶ್ನೆ: ಮದುವೆಗೆ ಎರಡು ತಿಂಗಳಿದೆ. ಹಲ್ಲು ಬಿಳಿ ಮಾಡಿಸಿ, ಮುಂದಿನ ಒಂದು ಮುರಿದ ತುದಿಯನ್ನೂ ಕಟ್ಟಿಸಬೇಕು. ಎಲೆ ಅಡಿಕೆಯ ಅಭ್ಯಾಸವಿದೆ. ಯಾವುದು ಮೊದಲು? (ಹಾವೇರಿ)

ಉತ್ತರ: ಮೊದಲು ಎಲೆ ಅಡಿಕೆ ಬಿಡಿ, ಸವಣೂರಿನ ಎಲೆ ಎಷ್ಟೇ ಎಳೆಯದಾದರೂ ಅಡಿಕೆಯ ಕಲೆ ಬಿಡುವುದಿಲ್ಲ, ಅಡಿಕೆ ಬಾಯಿ ಕ್ಯಾನ್ಸರಿಗೂ ಕಾರಣ. ಆಮೇಲೆ ಹಲ್ಲು ಸ್ವಚ್ಛಗೊಳಿಸಿಕೊಳ್ಳಿ. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಅದರ ನಂತರವೂ ಬೇಕೆನಿಸಿದರೆ ಬ್ಲೀಚಿಂಗ್, ಅದು ಮುಗಿದು ಎರಡು ವಾರ ಬಿಟ್ಟು ತುದಿ ಕಟ್ಟಿಸುವುದು. ಬ್ಲೀಚಿಂಗ್ ಆದ ಕೂಡಲೇ ಕಾಂಪೋಸಿಟ್ ಗಟ್ಟಿಯಾಗಿ ಅಂಟುವುದಿಲ್ಲ, ಮೊದಲೇ ಕಟ್ಟಿಸಿದರೆ ಅದರ ಬಣ್ಣ ಬ್ಲೀಚಿಂಗಿಗೆ ಬದಲಾಗುವುದಿಲ್ಲ. ಎರಡು ತಿಂಗಳು ಧಾರಾಳವಾಗಿ ಸಾಕು, ಈ ವಾರವೇ ಶುರು ಮಾಡಿದರೆ.